ಖೋಟಾ ನೋಟು ಕೈಗೆ ಬಂದರೆ: ಕಾಯಿದೆ ಏನನ್ನುತ್ತದೆ, ರೈತ ಏನು ಮಾಡಬೇಕು



ಬೀಜ, ಗೊಬ್ಬರ, ನೀರು, ಔಷಧಿಗಳ ವಿಷಯವಾಗಿ ಇಂಥ ಪುಟಗಳಲ್ಲಿ ಎಷ್ಟೋ ಲೇಖನಗಳು ಬಂದಿವೆ. ಬೆಳೆದ ಮಾಲನ್ನು ಮಾರಿದ ಮೇಲೆ ಕೈಗೆ ಬರುವ ಹಣದ ವಿಷಯವಾಗಿ ಬಂದದ್ದು ಕಡಿಮೆ. ಮಾಲು ತೂಗಿತು, ಹಣ ಬಂತು, ಅಲ್ಲಿಗೆ ಕೆಲಸ ಮುಗಿಯಿತೆಂದು ನಾವೆಲ್ಲ ತಿಳಿಯುತ್ತೇವೆ. ಆದರೆ ಬಂದ ಹಣದಲ್ಲಿ ಒಂದು ನೋಟು ಖೋಟಾ ಇದ್ದರೆ ಅಷ್ಟು ಬೆಲೆಯ ಮಾಲನ್ನು ಪುಕ್ಕಟೆ ಕೊಟ್ಟಂತಾಯಿತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ನೋಟನ್ನು ಮುಂದೆ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ, ಕಾಯಿದೆಯ ಕಣ್ಣಿನಲ್ಲಿ ನೀವು ಮೋಸಹೋದವರಾಗಿ ಉಳಿಯುತ್ತೀರೋ ಇಲ್ಲವೆ ಅಪರಾಧಿಗಳಾಗುತ್ತೀರೋ ಎಂಬುದು ನಿಂತಿದೆ.

ಚಿಮ್ಮಡದ ಒಬ್ಬ ರೈತನನ್ನೇ ತೆಗೆದುಕೊಳ್ಳಿರಿ. ಕಾರ್ಖಾನೆಗೆ ಕಳಿಸಿದ ಕಬ್ಬಿನ ಬಿಲ್ಲು ಈಗ ಬ್ಯಾಂಕಿನ ಖಾತೆಗೇ ಜಮಾ ಆಗುತ್ತದೆ, ಅದರಲ್ಲಿ ನೋಟಿನ ತಂಟೆ ಇಲ್ಲ. ಆದರೆ ಗಾಣದಿಂದ ಮಹಾಲಿಂಗಪುರದ ಪೇಟೆಗೆ ಒಯ್ದ ಬೆಲ್ಲದ ಪೆಂಟೆ, ಬನಹಟ್ಟಿಯ ಸಂತೆಯಲ್ಲಿ ಮಾರಿದ ಬದನೆ, ಅಮೀನಗಡದ ಸಂತೆಗೆ ಹೊಡೆದ ಎರಡು ಟಗರು, ಇವುಗಳ ಹಣ ಬಹುಮಟ್ಟಿಗೆ ರೋಖವಾಗಿಯೇ ಬರುತ್ತದೆ. ಕುರಿ ಸಂತೆಯಲ್ಲಿ ನಸುಕಿನ ಮಬ್ಬಿನಲ್ಲಿ ವ್ಯವಹಾರ, ಬೆಲ್ಲದ ಪೇಟೆಯಲ್ಲಿ ಗದ್ದಲ. ಎಣಿಸಿ ಕಿಸೆಗೆ ಹಾಕಿಕೊಳ್ಳುವುದೇ ಹೆಚ್ಚು, ನೋಟನ್ನು ತಿರುವಿ ನೋಡುವವರಾರು? ಮರುದಿನ ಗೊಬ್ಬರದ ಅಂಗಡಿಯಲ್ಲಿ 500 ರೂಪಾಯಿಯ ಒಂದು ನೋಟು ತಿರುಗಿ ಬರುತ್ತದೆ. ‘ಯಜಮಾನ್ರ, ಈ ನೋಟು ನಡ್ಯಾಂಗಿಲ್ರಿ, ಬ್ಯಾರೆ ಕೊಡ್ರಿ’ ಎನ್ನುತ್ತಾನೆ ಅಂಗಡಿಯವ. ಹಿಂದೆ ನಿಂತವರೊಬ್ಬರು ಮೆಲ್ಲಗೆ ಬುದ್ಧಿ ಹೇಳುತ್ತಾರೆ: ‘ಸಂಜೀಕ ಸಂತ್ಯಾಗ ನಡಸ್ರಿ, ಕತ್ತಲದಾಗ ಯಾರ್ ನೋಡ್ತಾರ.’

ಈ ಬುದ್ಧಿಮಾತು ನಮ್ಮ ಊರುಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆಂದರೆ, ಅದನ್ನು ಹೇಳುವವನೂ ಕೇಳುವವನೂ ಅದು ತಪ್ಪೆಂದೇ ತಿಳಿಯುವುದಿಲ್ಲ. ನನಗೆ ಬಂದದ್ದನ್ನು ನಾನು ಮುಂದೆ ದಾಟಿಸಿದೆ, ನಾನೇನು ಅಚ್ಚು ಹಾಕಿದೆನೇ ಎಂಬ ಸಮಾಧಾನ. ಈ ಲೇಖನ ಆ ಸಮಾಧಾನದ ವಿರುದ್ಧ ಬರೆದದ್ದು. ಜೊತೆಗೆ, ಆ ರೈತನಿಗೆ ಬೇರೆ ದಾರಿಯನ್ನು ಸರಿಯಾಗಿ ತೋರಿಸದ ವ್ಯವಸ್ಥೆಯ ವಿರುದ್ಧವೂ ಒಂದೆರಡು ಮಾತು ಇದರಲ್ಲಿವೆ.

ಕಾಯಿದೆಯಲ್ಲಿರುವ ಮಾತು

ನಮ್ಮ ದೇಶದಲ್ಲಿ ಖೋಟಾ ನೋಟಿನ ಅಪರಾಧಗಳನ್ನು 1899ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿಸಲಾಯಿತು. 489-ಎ, ಬಿ, ಸಿ ಎಂಬ ಕಲಮುಗಳು ಒಂದು ನೂರು ವರ್ಷಕ್ಕೂ ಮಿಕ್ಕಿ ನಡೆದವು. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಈಗ ಅವೇ ಅಪರಾಧಗಳು 178, 179, 180ನೆಯ ಕಲಮುಗಳಲ್ಲಿವೆ. ಖೋಟಾ ನೋಟು ತಯಾರಿಸುವುದು 178. ಖೋಟಾ ಎಂದು ಗೊತ್ತಿದ್ದೂ ಅದನ್ನು ಕೊಡುವುದು, ಕೊಳ್ಳುವುದು, ಅಸಲಿಯೆಂದು ನಡೆಸುವುದು 179. ಇವೆರಡಕ್ಕೂ ಜೀವಾವಧಿ, ಅಥವಾ 10 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ದಂಡ. ಬರಿದೇ ಇಟ್ಟುಕೊಳ್ಳುವುದು 180. ಇದಕ್ಕೆ 7 ವರ್ಷಗಳವರೆಗೆ ಶಿಕ್ಷೆ, ಅಥವಾ ದಂಡ, ಅಥವಾ ಎರಡೂ. ನೋಟಿಗಷ್ಟೇ ಅಲ್ಲ, ನಾಣ್ಯಕ್ಕೂ ಸರ್ಕಾರದ ಸ್ಟ್ಯಾಂಪಿಗೂ ಈಗ ಇವೇ ಕಲಮುಗಳು. ಸ್ಟ್ಯಾಂಪಿನ ಮಾತನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಜಾಲ 2001ರ ಸುಮಾರಿಗೆ ಬಯಲಾದಾಗ, ಮನೆಯ ಪೆಟ್ಟಿಗೆಯಲ್ಲಿದ್ದ ಖರೀದಿ ಪತ್ರವನ್ನು ತೆಗೆದು ನೋಡಿದವರು ಎಷ್ಟೋ ಮಂದಿ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೋಟು ನಿಮ್ಮ ಕಿಸೆಯಲ್ಲಿ ಸಿಕ್ಕಿತೆಂಬುದೊಂದರಿಂದಲೇ ಅಪರಾಧವಾಗುವುದಿಲ್ಲ. 180ನೆಯ ಕಲಮು ಎರಡು ಸಂಗತಿಗಳನ್ನು ಕೇಳುತ್ತದೆ. ಅದು ಖೋಟಾ ಎಂದು ನಿಮಗೆ ಗೊತ್ತಿರಬೇಕು, ಇಲ್ಲವೆ ಹಾಗೆಂದು ನಂಬಲು ಕಾರಣವಿರಬೇಕು. ಮತ್ತು ಅದನ್ನು ಅಸಲಿಯೆಂದು ನಡೆಸುವ ಉದ್ದೇಶವಿರಬೇಕು. ಹಳೆಯ 489-ಸಿ ಕೂಡ ಹೀಗೆಯೇ ಇತ್ತು.

ಇದು ಪುಸ್ತಕದ ಮಾತಲ್ಲ. 1979ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಎರಡು ರೂಪಾಯಿಯ ಖೋಟಾ ನೋಟುಗಳು ಸಿಕ್ಕಿದ್ದಕ್ಕಾಗಿ ಒಬ್ಬನಿಗೆ ಶಿಕ್ಷೆಯಾಗಿತ್ತು. ಮೂರು ಕ್ವಿಂಟಲ್ ಹುಣಸೆಹಣ್ಣಿನ ವ್ಯವಹಾರದಲ್ಲಿ ಖರೀದಿದಾರನೊಬ್ಬನು ಈ ನೋಟುಗಳನ್ನು ಕೊಟ್ಟ, ನಾನು ಓದುಬರಹ ಬಾರದವನು, ಖೋಟಾ ಯಾವುದು ಅಸಲಿ ಯಾವುದು ನನಗೆ ತಿಳಿಯದು ಎಂಬುದು ಅವನ ಹೇಳಿಕೆ. ಕಂಡೊಡನೆ ಯಾರಿಗಾದರೂ ಖೋಟಾ ಎಂದು ತಿಳಿಯುವಂಥ ನೋಟುಗಳಾಗಿದ್ದರೆ ಅವನಿಗೆ ಗೊತ್ತಿತ್ತೆಂದು ಊಹಿಸಬಹುದಿತ್ತು. ಆದರೆ ಅವು ಅಂಥವೆಂಬುದನ್ನು ಸರ್ಕಾರದ ಪಕ್ಷ ತೋರಿಸಿಲ್ಲ ಎಂದು ನ್ಯಾಯಾಲಯ ಹೇಳಿತು, ಶಿಕ್ಷೆಯನ್ನು ರದ್ದುಗೊಳಿಸಿತು. 2001ರಲ್ಲಿ ಛತ್ತೀಸಗಡದ ಒಂದು ಮೊಕದ್ದಮೆಯಲ್ಲಿಯೂ ಸುಪ್ರೀಂ ಕೋರ್ಟು ಇದೇ ಮಾತನ್ನು ಮತ್ತೆ ಹೇಳಿತು: ಗೊತ್ತಿದ್ದು ಮಾಡಿದ್ದಲ್ಲದಿದ್ದರೆ ಅಪರಾಧವಲ್ಲ.

ಹುಣಸೆಹಣ್ಣಿನ ಆ ಮನುಷ್ಯ ಗೆದ್ದ, ನಿಜ. ಆದರೆ ದಿಲ್ಲಿಯವರೆಗೆ ಹೋಗಿ ಗೆದ್ದ. ಅಷ್ಟು ದೂರ ಹೋಗುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಜಾಣತನ.

ಹೊಸ ಸಂಹಿತೆ 180ನೆಯ ಕಲಮಿಗೆ ಒಂದು ವಿವರಣೆಯನ್ನು ಸೇರಿಸಿದೆ. ನೋಟು ನ್ಯಾಯವಾದ ಮೂಲದಿಂದ ಬಂತೆಂದು ತೋರಿಸಿಕೊಟ್ಟರೆ ಇಟ್ಟುಕೊಂಡದ್ದು ಅಪರಾಧವಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇದು ಒಳ್ಳೆಯದೇ. ಆದರೆ ತೋರಿಸಿಕೊಡುವುದು ಹೇಗೆ? ಅಡತಿ ಅಂಗಡಿಯಿಂದ ಬಂದ ಹಣಕ್ಕೆ ಪಟ್ಟಿ ಇರುತ್ತದೆ. ಅದರಲ್ಲಿ ತಾರೀಖು, ತೂಕ, ದರ, ಕೊಟ್ಟ ಮೊತ್ತ ಎಲ್ಲವೂ ಉಂಟು. ಆ ಪಟ್ಟಿಯನ್ನು ಮನೆಗೆ ಬಂದು ಬೆಲ್ಲ ಕಟ್ಟಲು ಹರಿಯುವವರೇ ನಮ್ಮಲ್ಲಿ ಹೆಚ್ಚು. ನಕಲಿ ಬೀಜ ಬಂದಾಗ ಪಾವತಿ ಇಲ್ಲದವನ ದೂರನ್ನು ಯಾರೂ ಕೇಳುವುದಿಲ್ಲವೆಂದು ನಾವು ಕಲಿತಿದ್ದೇವೆ, ಬೀಜದ ಚೀಲಕ್ಕಿರುವ ಚೀಟಿಯನ್ನೂ ಕಾದಿಡುತ್ತೇವೆ. ಮಾರಾಟದ ಪಟ್ಟಿಗೂ ಅಷ್ಟೇ ಗೌರವ ಕೊಡತಕ್ಕದ್ದು. ಹಣವನ್ನು ಬ್ಯಾಂಕಿಗೆ ಕಟ್ಟುವವರೆಗಾದರೂ ಅದು ನಿಮ್ಮ ಕೈಯಲ್ಲಿರಲಿ. ಕುರಿ ಸಂತೆಯಲ್ಲಿ ಪಟ್ಟಿ ಇರುವುದಿಲ್ಲ. ಅಲ್ಲಿ ಕೊಂಡವನ ಹೆಸರು, ಊರು, ಫೋನ್ ನಂಬರು, ವಾಹನದ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ನಷ್ಟವೇನೂ ಇಲ್ಲ.

ಗೊತ್ತಾದ ಗಳಿಗೆಯಿಂದ

ಈಗ ಗೊಬ್ಬರದ ಅಂಗಡಿಗೆ ಮರಳೋಣ. ಅಂಗಡಿಯವ ನೋಟನ್ನು ತಿರುಗಿ ಕೊಡುವವರೆಗೆ ನಮ್ಮ ರೈತ ತಿಳಿಯದವನು; ಕಾಯಿದೆ ಅವನನ್ನು ಮುಟ್ಟುವುದಿಲ್ಲ. ‘ನಡ್ಯಾಂಗಿಲ್ರಿ’ ಎಂಬ ಒಂದು ಮಾತು ಕಿವಿಗೆ ಬಿದ್ದ ಮೇಲೆ ಅವನಿಗೆ ‘ನಂಬಲು ಕಾರಣ’ ಬಂದಿತು. ಅದೇ ಸಂಜೆ ಅದೇ ನೋಟನ್ನು ಸಂತೆಯಲ್ಲಿ ಕೊತ್ತಂಬರಿ ಮಾರುವ ಮುದುಕಿಗೆ ಕೊಟ್ಟು ಚಿಲ್ಲರೆ ತಂದರೆ ಅವನು ಬಂದದ್ದು 179ನೆಯ ಕಲಮಿನ ಅಡಿಯಲ್ಲಿ. ಮಾಲ್ದಾದಿಂದ ಕಟ್ಟುಗಟ್ಟಲೆ ತಂದು ಮಾರುವವನಿಗೂ ಇವನಿಗೂ ಕಲಮು ಒಂದೇ. 180 ಜಾಮೀನು ಸಿಗುವ ಅಪರಾಧ, 179 ಹಾಗಲ್ಲ.

ಇದು ನ್ಯಾಯವೇ? ನನ್ನ ಅಭಿಪ್ರಾಯದಲ್ಲಿ ಪೂರ್ತಿ ನ್ಯಾಯವಲ್ಲ. 1860ರ ದಂಡ ಸಂಹಿತೆಯನ್ನು ಬರೆದವರಿಗೆ ಈ ಮನುಷ್ಯನ ಸ್ಥಿತಿ ಗೊತ್ತಿತ್ತು. ಅದರ 241ನೆಯ ಕಲಮಿನಲ್ಲಿ, ತೆಗೆದುಕೊಳ್ಳುವಾಗ ತಿಳಿಯದೆ, ಆಮೇಲೆ ತಿಳಿದು ಖೋಟಾ ನಾಣ್ಯವನ್ನು ದಾಟಿಸಿದವನಿಗೆ ಹೆಚ್ಚೆಂದರೆ 2 ವರ್ಷ ಶಿಕ್ಷೆ, ಅಥವಾ ನಾಣ್ಯದ ಬೆಲೆಯ 10 ಪಟ್ಟಿನವರೆಗೆ ದಂಡ, ಅಥವಾ ಎರಡೂ ಎಂದಿತ್ತು. ಅದಕ್ಕೆ ಕೊಟ್ಟ ಉದಾಹರಣೆಯೂ ಕಂಪನಿಯ ರೂಪಾಯಿಯದು. ಒಬ್ಬ ಖೋಟಾ ರೂಪಾಯಿ ಅಚ್ಚು ಹಾಕಿ ಎರಡನೆಯವನಿಗೆ ಕೊಡುತ್ತಾನೆ, ಅವನು ಮೂರನೆಯವನಿಗೆ ಮಾರುತ್ತಾನೆ, ಮೂರನೆಯವನು ಸಾಮಾನು ಕೊಂಡು ನಾಲ್ಕನೆಯವನಿಗೆ ಕೊಡುತ್ತಾನೆ. ನಾಲ್ಕನೆಯವನು ತಿಳಿಯದೆ ತೆಗೆದುಕೊಂಡವನು, ಆಮೇಲೆ ತಿಳಿದು ಬೇರೆಯವರಿಗೆ ದಾಟಿಸುತ್ತಾನೆ. ಅವನಿಗೆ ಈ ಸಣ್ಣ ಶಿಕ್ಷೆ ಮಾತ್ರ, ಉಳಿದವರಿಗೆ ದೊಡ್ಡದು ಎಂದು ಸಂಹಿತೆಯೇ ಹೇಳಿತ್ತು. ನಮ್ಮ ರೈತ ಆ ನಾಲ್ಕನೆಯವನು.

ನಾಣ್ಯಕ್ಕೆ ಇದ್ದ ಈ ರಿಯಾಯಿತಿ ನೋಟಿಗೆ ಮಾತ್ರ ಎಂದೂ ಬರಲಿಲ್ಲ. ಹೊಸ ಸಂಹಿತೆಯಲ್ಲಿ ನಾಣ್ಯ, ನೋಟು, ಸ್ಟ್ಯಾಂಪುಗಳನ್ನು ಒಂದೇ ಕಲಮಿಗೆ ತಂದಾಗ ನಾಣ್ಯದ ರಿಯಾಯಿತಿಯೂ ಹೋಯಿತು. ಅದನ್ನು ತೆಗೆಯುವ ಬದಲು ನೋಟಿಗೂ ವಿಸ್ತರಿಸಿದ್ದರೆ ಕಾಯಿದೆ ಇನ್ನೂ ಹರಿತವಾಗುತ್ತಿತ್ತೆಂದು ನನಗೆ ತೋರುತ್ತದೆ. ಶಿಕ್ಷೆ ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂದು ವಕೀಲರು ಹೇಳಬಹುದು. ಆದರೆ ನ್ಯಾಯಾಧೀಶರ ಮುಂದೆ ಹೋಗುವ ಮೊದಲು ಜಾಮೀನಿಲ್ಲದೆ ಕಳೆದ ದಿನಗಳನ್ನು, ಆ ದಿನಗಳಲ್ಲಿ ಹೊಲದಲ್ಲಿ ನಿಂತ ಅರಿಷಿಣದ ಬೆಳೆಯನ್ನು ಯಾರು ಲೆಕ್ಕ ಹಿಡಿಯುತ್ತಾರೆ? ಹಾಗೆಂದು ದಾಟಿಸಿದವನು ನಿರ್ದೋಷಿ ಎಂಬುದು ನನ್ನ ವಾದವಲ್ಲ. ಕೊತ್ತಂಬರಿಯ ಮುದುಕಿಗೆ 500 ರೂಪಾಯಿ ಎಂದರೆ ಎರಡು-ಮೂರು ದಿನದ ದುಡಿಮೆ. ಅವಳಿಗೆ ತಿರುಗಿ ದಾಟಿಸಲು ಇನ್ನೊಬ್ಬರು ಸಿಗುವುದೂ ಕಷ್ಟ.

ಕಾಯಿದೆ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವೂ ಉಂಟು. 2018ರ ಮಾರ್ಚ್ ತಿಂಗಳಲ್ಲಿ ನಮ್ಮ ನೆರೆಯ ಚಿಕ್ಕೋಡಿಯಲ್ಲಿ ರಾಷ್ಟ್ರೀಯ ತನಿಖಾ ದಳದವರು 2000 ರೂಪಾಯಿಯ ಖೋಟಾ ನೋಟುಗಳನ್ನು, ಒಟ್ಟು 82 ಸಾವಿರ ರೂಪಾಯಿಯಷ್ಟು, ಹಿಡಿದರು. ಅದರ ಜಾಡು ಪಶ್ಚಿಮ ಬಂಗಾಲದ ಮಾಲ್ದಾ ಜಿಲ್ಲೆಗೆ ಹೋಯಿತು. ಎಲ್ಲಿಯ ಮಾಲ್ದಾ, ಎಲ್ಲಿಯ ಚಿಕ್ಕೋಡಿ! ಉತ್ತಮ ಗುಣಮಟ್ಟದ ಖೋಟಾ ನೋಟಿನ ವ್ಯವಹಾರದಿಂದ ದೇಶದ ಹಣಕಾಸಿಗೆ ಧಕ್ಕೆ ತರುವುದನ್ನು 2013ರಿಂದ ಭಯೋತ್ಪಾದಕ ಕೃತ್ಯಗಳ ಸಾಲಿಗೇ ಸೇರಿಸಲಾಗಿದೆ. ಎಲ್ಲ ಖೋಟಾವೂ ಅಷ್ಟು ದೂರದಿಂದ ಬರಬೇಕೆಂದಿಲ್ಲ. 2016ರ ನವೆಂಬರಿನಲ್ಲಿ ಹೊಸ 2000ದ ನೋಟು ಬಂದ ಕೆಲವೇ ದಿನಗಳಲ್ಲಿ ಚಿಕ್ಕಮಗಳೂರಿನ ಎ.ಪಿ.ಎಂ.ಸಿ.ಯಲ್ಲಿ ಈರುಳ್ಳಿ ಮಾರಿದ ರೈತನಿಗೆ ಅದರ ಬಣ್ಣದ ಜೆರಾಕ್ಸ್ ಪ್ರತಿಯನ್ನೇ ಕೊಟ್ಟು ಕಳಿಸಿದ್ದರು. ಅಸಲಿ ನೋಟನ್ನು ಜನ ಇನ್ನೂ ಕಂಡಿರಲಿಲ್ಲ, ನಕಲಿಯನ್ನು ಗುರುತಿಸುವುದೆಂತು? ಈಗ 2000ದ ನೋಟನ್ನು 2023ರಲ್ಲಿ ಚಲಾವಣೆಯಿಂದ ಹಿಂದಕ್ಕೆ ಪಡೆದ ಮೇಲೆ ಖೋಟಾದವರ ಕಣ್ಣೆಲ್ಲ 500ರ ಮೇಲಿದೆ. ರಿಸರ್ವ್ ಬ್ಯಾಂಕಿನ ವರದಿಯಂತೆ 2024-25ರಲ್ಲಿ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಹೊಸ ಸರಣಿಯ 500ರ ಖೋಟಾ ನೋಟುಗಳೇ 1 ಲಕ್ಷ 17 ಸಾವಿರಕ್ಕೂ ಹೆಚ್ಚು.

ಬ್ಯಾಂಕಿನ ಕಟ್ಟೆಯ ಮುಂದೆ

ಸಂಶಯ ಬಂದ ನೋಟನ್ನು ಒಯ್ಯಬೇಕಾದದ್ದು ಬ್ಯಾಂಕಿಗೆ ಅಥವಾ ಪೊಲೀಸ್ ಠಾಣೆಗೆ. ಸುಟ್ಟುಹಾಕುವವರೂ ಇದ್ದಾರೆ. ಸುಟ್ಟರೆ ಅದು ಎಲ್ಲಿಂದ ಬಂತೆಂಬ ಸುಳಿವೂ ಸುಟ್ಟುಹೋಯಿತು, ಕೊಟ್ಟವನು ಮುಂದಿನ ವಾರ ಮತ್ತೆ ಅದೇ ಪೇಟೆಗೆ ಬರುತ್ತಾನೆ. ಖೋಟಾ ನೋಟಿನ ಅಪರಾಧ ನಡೆದದ್ದು ತಿಳಿದುಬಂದರೆ ಸಮೀಪದ ಮ್ಯಾಜಿಸ್ಟ್ರೇಟರಿಗೋ ಪೊಲೀಸರಿಗೋ ತಿಳಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹಿಂದಿನ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿಯೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ.

ಬ್ಯಾಂಕಿನವರು ಏನು ಮಾಡಬೇಕೆಂಬುದಕ್ಕೆ ರಿಸರ್ವ್ ಬ್ಯಾಂಕಿನ ಖಚಿತವಾದ ಆದೇಶಗಳಿವೆ. ಖೋಟಾ ಎಂದು ಕಂಡುಬಂದ ನೋಟಿನ ಮೇಲೆ ಮುದ್ರೆ ಹಾಕಿ ಅದನ್ನು ಜಪ್ತಿ ಮಾಡಿಕೊಳ್ಳಬೇಕು. ಯಾವ ಕಾರಣಕ್ಕೂ ಅದನ್ನು ತಂದವರಿಗೆ ತಿರುಗಿ ಕೊಡಕೂಡದು. ತಂದವರಿಗೆ ಒಂದು ರಸೀದಿ ಕೊಡಲೇಬೇಕು. ತಂದವನು ಅದಕ್ಕೆ ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ಒಂದು ಸಲಕ್ಕೆ 4ರವರೆಗೆ ಖೋಟಾ ನೋಟು ಸಿಕ್ಕರೆ ಅವುಗಳ ವರದಿ ತಿಂಗಳ ಕೊನೆಗೆ ಎಲ್ಲ ಸೇರಿ ಪೊಲೀಸರಿಗೆ ಹೋಗುತ್ತದೆ. 5 ಅಥವಾ ಹೆಚ್ಚು ಸಿಕ್ಕರೆ ಕೂಡಲೇ ಪೊಲೀಸರಲ್ಲಿ ಮೊಕದ್ದಮೆ ದಾಖಲಿಸಬೇಕು. ಬೆಲ್ಲ ಮಾರಿದ ಹಣದಲ್ಲಿ ಒಂದು ಖೋಟಾ ನೋಟು ಬಂದರೆ ಬ್ಯಾಂಕಿನವರು ಪೊಲೀಸರನ್ನು ಕರೆದು ಕೈಗೆ ಬೇಡಿ ತೊಡಿಸುತ್ತಾರೆಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಬಹಳ ಇದೆ. ಆ ಹೆದರಿಕೆಯೇ ನೋಟನ್ನು ಸಂತೆಯ ಕಡೆಗೆ ತಳ್ಳುತ್ತದೆ. ಅದಕ್ಕೆ ಆಧಾರವಿಲ್ಲವೆಂಬುದನ್ನು ಈ ನಾಲ್ಕು-ಐದರ ನಿಯಮ ತೋರಿಸುತ್ತದೆ. ಒಂದು ವೇಳೆ 5ಕ್ಕಿಂತ ಹೆಚ್ಚು ಬಂದಿದ್ದರೆ, ನಿಮ್ಮ ಪಟ್ಟಿಯೊಂದಿಗೆ ನೀವೇ ಮೊದಲು ಠಾಣೆಗೆ ಹೋಗುವುದು ಲೇಸು. ತಾನಾಗಿ ಒಯ್ದು ಕೊಟ್ಟವನಿಗೆ ನಡೆಸುವ ಉದ್ದೇಶವಿತ್ತೆಂದು ಹೇಳುವುದು ಸುಲಭವಲ್ಲ.

ಹಣ ಮಾತ್ರ ಹೋಯಿತು. ಖೋಟಾ ನೋಟಿಗೆ ಬದಲು ನೋಟು ಇಲ್ಲ, ಖಾತೆಗೆ ಜಮಾ ಇಲ್ಲ. ಬದಲು ಕೊಡುತ್ತ ಹೋದರೆ ಖೋಟಾದವರಿಗೇ ಸರ್ಕಾರ ಸಂಬಳ ಕೊಟ್ಟಂತಾಗುತ್ತದೆಂಬ ಮಾತನ್ನು ಒಪ್ಪಬೇಕಾಗುತ್ತದೆ. ಆದರೆ ಇದರ ಅರ್ಥವನ್ನೂ ನೋಡಬೇಕು. ನೋಟು ಹತ್ತು ಕೈ ದಾಟಿ ಬಂದು ಹನ್ನೊಂದನೆಯ ಕೈಯಲ್ಲಿ ಸಿಕ್ಕಿತು. ಪ್ರಾಮಾಣಿಕನಾಗಿ ಬ್ಯಾಂಕಿಗೆ ಒಯ್ದ ಆ ಹನ್ನೊಂದನೆಯವನು ಪೂರ್ತಿ ನಷ್ಟ ಹೊರುತ್ತಾನೆ, ದಾಟಿಸಿದ ಹತ್ತು ಮಂದಿಗೆ ಏನೂ ಇಲ್ಲ. ಅಂಥ ಮನುಷ್ಯನಿಗೆ ಬ್ಯಾಂಕಿನ ಕಟ್ಟೆಯ ಮುಂದೆ ಸಿಗಬೇಕಾದದ್ದು ಗೌರವದ ನಾಲ್ಕು ಮಾತು ಮತ್ತು ಕೇಳದೆಯೇ ಕೊಡುವ ರಸೀದಿ. ‘ಇದು ಬ್ಯಾಡ, ಬ್ಯಾರೆ ತಗೊಂಡ ಬರ್ರಿ’ ಎಂದು ನೋಟನ್ನು ಕಿಂಡಿಯಿಂದ ಹೊರಗೆ ತಳ್ಳುವುದು ಉಪಕಾರವೆಂದು ಕೆಲವು ನಗದು ಗುಮಾಸ್ತರು ತಿಳಿದಂತಿದೆ. ಅದು ಉಪಕಾರವಲ್ಲ. ಜಪ್ತಿ ಮಾಡದೆ ಬಿಟ್ಟರೆ ಬ್ಯಾಂಕು ಉದ್ದೇಶಪೂರ್ವಕವಾಗಿ ಖೋಟಾದಲ್ಲಿ ಕೈಗೂಡಿಸಿದಂತೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಜೊತೆಗೆ ಆ ಗುಮಾಸ್ತ ಒಬ್ಬ ತಿಳಿಯದ ರೈತನನ್ನು ತಿಳಿದವನನ್ನಾಗಿ ಮಾಡಿ, ಕೈಯಲ್ಲಿ ನೋಟನ್ನೂ ಇಟ್ಟು, ಸಂತೆಯ ದಾರಿ ತೋರಿಸಿದಂತಾಯಿತು. ರಸೀದಿಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ಮೇಲಿನ ಆರೋಪದ ಕಾಗದವಲ್ಲ; ಅಡತಿಯವರ ಮುಂದೆ ಹಿಡಿದು ‘ನಿಮ್ಮ ಹಣದಾಗ ಬಂದದ್ದು’ ಎಂದು ಕೇಳಲು ನಿಮಗಿರುವ ಆಧಾರವೇ ಅದು. ಅವರು ಒಪ್ಪುತ್ತಾರೋ ಬಿಡುತ್ತಾರೋ ಬೇರೆ ಮಾತು, ಪಟ್ಟಿಯೂ ರಸೀದಿಯೂ ಒಂದೇ ತಾರೀಖಿನವಾಗಿದ್ದರೆ ಕೇಳುವ ಬಾಯಿಗೆ ಬಲ ಬರುತ್ತದೆ.

ತೆಗೆದುಕೊಳ್ಳುವಾಗಲೇ ನೋಡುವುದು

ಇಷ್ಟೆಲ್ಲ ಆಗುವುದಕ್ಕಿಂತ ಮೊದಲೇ ನೋಟನ್ನು ನೋಡಿಕೊಳ್ಳುವುದು ಮೇಲು. ನೋಟಿನ ಕಾಗದ ಹತ್ತಿಯ ನಾರಿನದು, ಮಾಮೂಲಿ ಕಾಗದದಂತೆ ಮೆತ್ತಗಿರುವುದಿಲ್ಲ. ಹತ್ತಿ ಬೆಳೆದವರ ಬೆರಳಿಗೆ ಈ ವ್ಯತ್ಯಾಸ ಬೇಗ ತಿಳಿಯಬೇಕು. 500ರ ನೋಟಿನ ಬಣ್ಣ ಕಲ್ಲಿನ ಬೂದಿ. ಅದನ್ನು ಓರೆ ಮಾಡಿದರೆ ನಡುವಿನ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಬಲಗಡೆ ಕೆಳಗಿರುವ ‘₹500’ ಎಂಬ ಅಂಕಿಯೂ ಹಾಗೆಯೇ ಬಣ್ಣ ಬದಲಿಸುತ್ತದೆ. ಜೆರಾಕ್ಸ್ ಯಂತ್ರಕ್ಕೆ ಇದು ಬಾರದು. ಬೆಳಕಿಗೆ ಹಿಡಿದರೆ ಬಿಳಿ ಜಾಗದಲ್ಲಿ ಗಾಂಧೀಜಿಯವರ ಮುಖ ಮತ್ತು 500 ಅಂಕಿ ನೀರುಗುರುತಿನಲ್ಲಿ ಕಾಣಬೇಕು. ನೋಟಿನ ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ಸಣ್ಣದರಿಂದ ದೊಡ್ಡದಾಗುತ್ತ ಹೋಗಬೇಕು.

ನಸುಕಿನ ಸಂತೆಯಲ್ಲಿ ಬೆಳಕಿರುವುದಿಲ್ಲ, ಅಲ್ಲಿ ಬೆರಳೇ ಕಣ್ಣು. ಕುರುಡರಿಗಾಗಿ ಮಾಡಿದ ಗುರುತು ನಮಗೂ ಆಗುತ್ತದೆ. 500ರ ನೋಟಿನ ಎಡ-ಬಲ ಅಂಚುಗಳಲ್ಲಿ ಐದೈದು ಓರೆ ಗೆರೆಗಳು ಉಬ್ಬಾಗಿರುತ್ತವೆ. 100 ಮತ್ತು 200ರ ನೋಟಿನಲ್ಲಿ ನಾಲ್ಕು ನಾಲ್ಕು. ಉಗುರಿನಿಂದ ಸವರಿದರೆ ಹತ್ತುತ್ತದೆ. ಗಾಂಧೀಜಿಯವರ ಚಿತ್ರವೂ ಉಬ್ಬು ಮುದ್ರಣವೇ. ಹಳೆಯ, ಸವೆದ ನೋಟಿನಲ್ಲಿ ಈ ಉಬ್ಬು ಅಳಿದಿರಬಹುದು, ಆದುದರಿಂದ ಒಂದೇ ಗುರುತಿನ ಮೇಲೆ ತೀರ್ಮಾನ ಮಾಡಬಾರದು. ಎರಡು-ಮೂರನ್ನು ಕೂಡಿಸಿ ನೋಡಬೇಕು. ಹೆಣ್ಣುಮಕ್ಕಳಿಗೂ ಇದನ್ನು ತೋರಿಸಿಕೊಡಿರಿ. ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಹಣ ಎಣಿಸುವವರು ಹೆಚ್ಚಾಗಿ ಅವರೇ.

ಆದರೆ ಎಲ್ಲವನ್ನೂ ರೈತನ ಉಗುರಿನ ಮೇಲೆ ಹೊರಿಸುವುದು ಸರಿಯಲ್ಲ. ಪೇಟೆಗೆ ಬಂದ ಮಾಲಿನ ಮೇಲೆ ಎ.ಪಿ.ಎಂ.ಸಿ.ಗೆ ಶುಲ್ಕ ಸೇರುತ್ತದೆ. ತೂಕದ ಮೋಸ ತಡೆಯಲು ಕಾಟಾ ಇಟ್ಟಂತೆ, ನೋಟಿನ ಮೋಸ ತಡೆಯಲು ಪ್ರತಿಯೊಂದು ಪ್ರಾಂಗಣದಲ್ಲಿ ನೋಟು ಪರೀಕ್ಷಿಸುವ ಒಂದು ಯಂತ್ರ ಇಡುವುದು ಸಮಿತಿಗೆ ಭಾರವಲ್ಲ. ಬ್ಯಾಂಕಿನಲ್ಲಿ, ದೊಡ್ಡ ಬಟ್ಟೆ ಅಂಗಡಿಯಲ್ಲಿ ಈಗ ಅದು ಸಾಮಾನ್ಯ. ಹಣ ಕೊಡುವ ಅಡತಿಯವರೂ ಪಡೆಯುವ ರೈತನೂ ಅದರ ಮುಂದೆ ನಿಂತು ಎಣಿಸಿಕೊಂಡರೆ, ಖೋಟಾ ಯಾರ ಕೈಯಿಂದ ಬಂತೆಂಬ ಜಗಳವೇ ಉಳಿಯದು. ಕುರಿ ಸಂತೆ ನಡೆಯುವ ದಿನ ಬೆಳಗಿನ ನಾಲ್ಕು ಗಂಟೆಗೇ ಆ ಕೋಣೆಯ ಬಾಗಿಲು ತೆರೆದಿರಬೇಕು, ಹತ್ತು ಗಂಟೆಗೆ ಕಚೇರಿಯವರು ಬಂದ ಮೇಲೆ ಅಲ್ಲ. ಸಮಿತಿಯ ಸದಸ್ಯರಾಗಿ ಆರಿಸಿ ಹೋದ ರೈತರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಲಿ, ಯಂತ್ರ ಯಾವ ತಿಂಗಳು ಬರುತ್ತದೆಂದು ನಡಾವಳಿಯಲ್ಲಿ ಬರೆಸಲಿ.